ಟಾಪ್ ಸೊನ್ನೆಯಿಂದಲೇ ಶುರುವಾಗಲಿ

14 ಮಾರ್ಚ್ 2024, ಗುರುವಾರ

ಇಂದು ಸಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಅರೇ (ಸೊನ್ನೆಯಿಂದ ಎಣಿಸುವ ಜಾಗಗಳ ಸಾಲು) ಬಳಸಿ ಸ್ಟ್ಯಾಕ್ (ಒಂದರ ಮೇಲೊಂದು ಪೇರಿಸಿದ ಬೆಲೆಗಳ, ಅಂದರೆ ಸಂಖ್ಯೆಗಳ, ರಾಶಿ) ಬರೆದೆ. ನೂರು ಪೂರ್ಣಾಂಕಗಳ ಅರೇ, ಅದರ ಕೆಳಗೆ ರಾಶಿಯ ತುದಿ ಎಲ್ಲಿದೆಯೆಂದು ನೆನಪಿಡುವ ಟಾಪ್ ಎಂಬ ಒಂದು ವೇರಿಯಬಲ್, ಎರಡೂ ಒಂದೇ ಕಟ್ಟಿನಲ್ಲಿ, ಅಂದರೆ ಸ್ಟ್ರಕ್ಚರ್‌ನಲ್ಲಿ. ಕೊನೆಗೆ ಬಂದದ್ದು ಮೊದಲು ಹೊರಡಬೇಕೆಂಬ ನಿಯಮವನ್ನು ಕಾಯುವುದು ಟಾಪ್ ಒಂದೇ. ಅರೇಗೆ ಅದರ ಗೊಡವೆಯೇ ಇಲ್ಲ.

ಪಠ್ಯಪುಸ್ತಕಗಳಲ್ಲಿ ಸಾಮಾನ್ಯವಾಗಿ ಟಾಪ್ -1ರಿಂದ ಶುರುವಾಗುತ್ತದೆ. ಅದು ತಪ್ಪಲ್ಲ, ಆದರೆ ನನಗೆ ಸೊನ್ನೆಯೇ ಇಷ್ಟ. ಆಗ ಟಾಪ್ ಮುಂದಿನ ಖಾಲಿ ಜಾಗವನ್ನು ತೋರಿಸುತ್ತದೆ, ಒಳಗೆ ಎಷ್ಟಿವೆ ಎಂಬುದನ್ನೂ ಹೇಳುತ್ತದೆ. ಪುಷ್ ಮಾಡುವಾಗ (ಹೊಸದನ್ನು ಸೇರಿಸುವಾಗ) ಬೆಲೆಯನ್ನು ಇಟ್ಟು ಟಾಪ್ ಏರಿಸಬೇಕು; ಪಾಪ್ ಮಾಡುವಾಗ (ಮೇಲಿನದನ್ನು ತೆಗೆಯುವಾಗ) ಟಾಪ್ ಇಳಿಸಿ ಬೆಲೆಯನ್ನು ಓದಬೇಕು. ಇನ್ನೊಂದು ಕಾರಣವೂ ಇದೆ. ಟಾಪ್ ಅನ್ನು ಚಿಹ್ನೆಯಿಲ್ಲದ ಪೂರ್ಣಾಂಕವಾಗಿ ಘೋಷಿಸಿದರೆ ಅದರಲ್ಲಿ -1 ನಿಲ್ಲುವುದಿಲ್ಲ, ಆ ಬಗೆಯ ಅತಿ ದೊಡ್ಡ ಸಂಖ್ಯೆಯಾಗಿಬಿಡುತ್ತದೆ. ‘ಟಾಪ್ ಸೊನ್ನೆಗಿಂತ ಕಡಿಮೆಯೇ’ ಎಂಬ ಪರೀಕ್ಷೆ ಎಂದಿಗೂ ನಿಜವಾಗದು. ಖಾಲಿ ಸ್ಟ್ಯಾಕ್ ಖಾಲಿಯೆಂದು ಗೊತ್ತೇ ಆಗುವುದಿಲ್ಲ.

ಸಿ ಭಾಷೆ ಅರೇಯ ಎಲ್ಲೆಯನ್ನು ತಾನಾಗಿ ಪರೀಕ್ಷಿಸುವುದಿಲ್ಲ. ನೂರು ತುಂಬಿದ ಮೇಲೂ ಪುಷ್ ಮಾಡಿದರೆ ಏನಾದರೂ ಆಗಬಹುದು. ನನ್ನ ಸ್ಟ್ರಕ್ಚರ್‌ನಲ್ಲಿ ಅರೇಯ ಬೆನ್ನಿಗೇ ಟಾಪ್ ಇರುವುದರಿಂದ, ನೂರೊಂದನೆಯ ಬೆಲೆ ಟಾಪ್‌ನ ಮೇಲೆಯೇ ಬರೆದುಹೋಗುವ ಸಾಧ್ಯತೆಯಿದೆ. ಹಾಗಾಗಿ ಓವರ್‌ಫ್ಲೋ (ಜಾಗ ತುಂಬಿದೆಯೇ ಎಂಬ) ಪರೀಕ್ಷೆಯ ಆ ಒಂದು ಸಾಲನ್ನು ಯಾರೂ ಬಿಡಬಾರದು.

ಅಂಡರ್‌ಫ್ಲೋ ಆದಾಗ, ಅಂದರೆ ಖಾಲಿ ಸ್ಟ್ಯಾಕ್ ಅನ್ನು ಪಾಪ್ ಮಾಡಿದಾಗ, -1 ಹಿಂತಿರುಗಿಸುವ ರೂಢಿಯೂ ನನಗೆ ಒಪ್ಪಿಗೆಯಿಲ್ಲ. ಯಾರಾದರೂ -1 ಅನ್ನೇ ಪುಷ್ ಮಾಡಿದ್ದರೆ? ನನ್ನ ಪಾಪ್ ಯಶಸ್ಸೋ ವಿಫಲವೋ ಎಂಬುದನ್ನಷ್ಟೇ ಹಿಂತಿರುಗಿಸುತ್ತದೆ. ಬೆಲೆ, ಅದನ್ನು ಇಡಬೇಕಾದ ಜಾಗದ ವಿಳಾಸವಾದ ಪಾಯಿಂಟರ್‌ನ ಮೂಲಕ ಹೊರಬರುತ್ತದೆ. ಹಳೆಯ ಬೆಲೆಯನ್ನು ಅರೇಯಿಂದ ಅಳಿಸುವ ಅಗತ್ಯವಿಲ್ಲ, ಮುಂದಿನ ಪುಷ್ ಅದರ ಮೇಲೆಯೇ ಬರೆಯುತ್ತದೆ.

ಪರೀಕ್ಷೆಗೆ ಆವರಣ ಚಿಹ್ನೆಗಳನ್ನು ಕೊಟ್ಟೆ. 1957ರಲ್ಲಿ ಜರ್ಮನಿಯ ಕಂಪ್ಯೂಟರ್ ವಿಜ್ಞಾನಿಗಳಾದ ಬಾವರ್ ಮತ್ತು ಸಾಮೆಲ್ಸನ್ ಸ್ಟ್ಯಾಕ್ ತತ್ತ್ವಕ್ಕೆ ಪೇಟೆಂಟ್ ಅರ್ಜಿ ಹಾಕಿದ್ದು ಗಣಿತದ ಸೂತ್ರಗಳನ್ನು ಯಂತ್ರಕ್ಕೆ ಅರ್ಥಮಾಡಿಸುವ ಕೆಲಸದಲ್ಲಿದ್ದಾಗಲೇ, ಆದ್ದರಿಂದ ಇದು ತಕ್ಕ ಪರೀಕ್ಷೆ. ತೆರೆಯುವ ಚಿಹ್ನೆ ಬಂದರೆ ಪುಷ್. ಮುಚ್ಚುವ ಚಿಹ್ನೆ ಬಂದರೆ ಪಾಪ್ ಮಾಡಿ ಜೋಡಿ ನೋಡುವುದು. ‘([)]’ ಎಂಬಲ್ಲಿ ಎಣಿಕೆ ಮಾತ್ರ ನೋಡುವವರಿಗೆ ಎಲ್ಲವೂ ಸರಿಯಾಗಿ ಕಾಣುತ್ತದೆ. ಸ್ಟ್ಯಾಕ್ ಮೂರನೆಯ ಅಕ್ಷರದಲ್ಲೇ ತಪ್ಪನ್ನು ಹಿಡಿಯಿತು.