ವಿದ್ಯಾರಣ್ಯಪುರಕ್ಕೆ ಸಾಲ ಕೊಟ್ಟ ಕಟ್ಟಡದ ನೆರೆಯಲ್ಲಿ

ಮನಿಲಾ ಮಹಾನಗರಕ್ಕೆ ಸೇರಿದ ಮಾಂಡಲುಯೊಂಗ್‌ನಲ್ಲಿ ನಾನಿರುವ ಬಾಡಿಗೆ ಮನೆಯಿಂದ ಸ್ವಲ್ಪ ದೂರ ನಡೆದರೆ ಏಷ್ಯಾ ಅಭಿವೃದ್ಧಿ ಬ್ಯಾಂಕಿನ ಪ್ರಧಾನ ಕಚೇರಿ ಸಿಗುತ್ತದೆ. ಆ ಬ್ಯಾಂಕಿಗೂ ನನ್ನ ಉದ್ಯೋಗಕ್ಕೂ ಸಂಬಂಧವಿಲ್ಲ. ನಾನು ಬೇರೊಂದು ಕಂಪನಿಯಲ್ಲಿ ಲೆಕ್ಕಪತ್ರ ನೋಡುವವನು. ಆದರೆ ಆ ಹೆಸರನ್ನು ನಾನು ಮೊದಲು ಓದಿದ್ದು ಮೈಸೂರಿನಲ್ಲಿ, ವಿದ್ಯಾರಣ್ಯಪುರದ ಸೂಯೇಜ್ ಫಾರಂ ಬಳಿ ನೆಟ್ಟಿದ್ದ ತಗಡಿನ ಫಲಕದ ಮೇಲೆ. ಸಂಜೆ ಗಾಳಿ ಆ ಕಡೆಯಿಂದ ಬೀಸಿದರೆ ಅಮ್ಮ ಕಿಟಕಿಗಳನ್ನೆಲ್ಲ ಮುಚ್ಚುತ್ತಿದ್ದರು. 'ಎಡಿಬಿ ನೆರವಿನ ಕಾಮಗಾರಿ' ಎಂಬ ಆ ಅಕ್ಷರಗಳ ಮೂಲ ಇಲ್ಲಿದೆ ಎಂದು ತಿಳಿದದ್ದು ಮನಿಲಾಕ್ಕೆ ಬಂದ ಮೇಲೆ.

1966ರಲ್ಲಿ ಸ್ಥಾಪನೆಯಾದ ಈ ಬ್ಯಾಂಕು 1995ರ ಕೊನೆಯಲ್ಲಿ ಕರ್ನಾಟಕದ ನಗರ ಮೂಲಸೌಕರ್ಯ ಯೋಜನೆಗೆ 8.5 ಕೋಟಿ ಡಾಲರ್ ಸಾಲ ಮಂಜೂರು ಮಾಡಿತು. ಬೆಂಗಳೂರಿನ ಮೇಲಿನ ಒತ್ತಡ ತಗ್ಗಲಿ ಎಂಬ ಉದ್ದೇಶದಿಂದ ಮೈಸೂರು, ಮಂಡ್ಯ, ಮದ್ದೂರು, ಚನ್ನಪಟ್ಟಣ, ರಾಮನಗರ ಮತ್ತು ತುಮಕೂರುಗಳನ್ನು ಅದಕ್ಕೆ ಆರಿಸಲಾಗಿತ್ತು. ಸಾಲಗಾರ ಭಾರತ ಸರ್ಕಾರ. ಕೆಲಸ ಮಾಡಿಸಿದ್ದು ಕೆಯುಐಡಿಎಫ್‌ಸಿ ಎಂದು ನಾವೆಲ್ಲ ಕರೆಯುವ, ರಾಜ್ಯದ ನಗರ ಮೂಲಸೌಕರ್ಯ ಅಭಿವೃದ್ಧಿ ಮತ್ತು ಹಣಕಾಸು ನಿಗಮ. ವಿದ್ಯಾರಣ್ಯಪುರ, ರಾಯನಕೆರೆ ಮತ್ತು ಕೆಸರೆಯ ಕೊಳಚೆ ನೀರು ಶುದ್ಧೀಕರಣ ಘಟಕಗಳು ಬಂದದ್ದು ಈ ಹಣದಿಂದ. ಘಟಕ ಕಟ್ಟಲು ಸಾಲ ಸಿಗುತ್ತದೆ. ಅದರ ಮೋಟಾರು ತಿರುಗಿಸುವ ಕರೆಂಟ್ ಬಿಲ್ಲಿಗೆ, ಪಾಳಿಯಲ್ಲಿ ದುಡಿಯುವವರ ಸಂಬಳಕ್ಕೆ ಯಾರೂ ಮೂವತ್ತು ವರ್ಷ ಸಾಲ ಕೊಡುವುದಿಲ್ಲ. ಆ ಹಣ ಊರಿನಲ್ಲಿಯೇ ಹುಟ್ಟಬೇಕು. ಏಷ್ಯಾದ ಅಭಿವೃದ್ಧಿಶೀಲ ದೇಶಗಳಿಗೆ 2016ರಿಂದ 2030ರವರೆಗೆ ವರ್ಷಕ್ಕೆ 1.7 ಲಕ್ಷ ಕೋಟಿ ಡಾಲರ್ ಮೂಲಸೌಕರ್ಯ ಹೂಡಿಕೆ ಬೇಕೆಂದು ಇದೇ ಬ್ಯಾಂಕು 2017ರಲ್ಲಿ ಅಂದಾಜು ಮಾಡಿತ್ತು. ಆ ಅಂಕಿಯ ಸೊನ್ನೆಗಳನ್ನು ಎಣಿಸುವುದಕ್ಕಿಂತ ನನಗೆ ಒಂದು ಬೀದಿಯ ನೀರಿನ ಬಿಲ್ಲು ಹೆಚ್ಚು ಅರ್ಥವಾಗುತ್ತದೆ.

ಮನಿಲಾದ ನೀರಿನ ಕಥೆ ಅಂಥದ್ದು. 1997ರಲ್ಲಿ ಇಲ್ಲಿನ ಸರ್ಕಾರ ನಗರವನ್ನು ಪೂರ್ವ ಮತ್ತು ಪಶ್ಚಿಮ ಎಂದು ಎರಡು ವಲಯಗಳಾಗಿ ಒಡೆದು, ನೀರು ಪೂರೈಕೆಯನ್ನು 25 ವರ್ಷಗಳ ಮಟ್ಟಿಗೆ ಎರಡು ಖಾಸಗಿ ಕಂಪನಿಗಳಿಗೆ ವಹಿಸಿತು. ಕಡಿಮೆ ದರ ಕೂಗಿದವರಿಗೆ ಗುತ್ತಿಗೆ. ಪೂರ್ವದವರು ಆಗಿನ ದರದ ಸುಮಾರು ಕಾಲು ಭಾಗಕ್ಕೆ, ಪಶ್ಚಿಮದವರು ಅರ್ಧಕ್ಕಿಂತ ತುಸು ಹೆಚ್ಚಿಗೆ ಕೂಗಿದ್ದರು. ಹಳೆಯ ಸರ್ಕಾರಿ ಸಂಸ್ಥೆ ಮಾಡಿಟ್ಟಿದ್ದ ವಿದೇಶಿ ಸಾಲದ ಶೇಕಡಾ 90ರಷ್ಟು ಹೊರೆ ಪಶ್ಚಿಮ ವಲಯದ ಪಾಲಿಗೆ ಬಂತು. ಆಗಸ್ಟ್‌ನಲ್ಲಿ ಕಂಪನಿಗಳು ಅಧಿಕಾರ ವಹಿಸಿಕೊಳ್ಳುವ ಮುಂಚಿನ ತಿಂಗಳಷ್ಟೇ ಏಷ್ಯಾದ ಆರ್ಥಿಕ ಬಿಕ್ಕಟ್ಟು ಶುರುವಾಗಿತ್ತು. ಡಾಲರಿಗೆ 26ರ ಆಸುಪಾಸಿನಲ್ಲಿದ್ದ ಇಲ್ಲಿನ ಹಣ ಪೆಸೊ ವರ್ಷದ ಕೊನೆಗೆ 40ರ ಸುತ್ತ ಇತ್ತು. ನಲ್ಲಿಯಿಂದ ಬರುವುದು ಪೆಸೊ, ಸಾಲ ತೀರಿಸಬೇಕಾದದ್ದು ಡಾಲರಿನಲ್ಲಿ. ನೀರು ಅಷ್ಟೇ, ಪೈಪು ಅಷ್ಟೇ, ಸಾಲ ಮಾತ್ರ ಒಂದೂವರೆ ಪಟ್ಟಾಯಿತು. ಪಶ್ಚಿಮದ ಕಂಪನಿ 2003ರಲ್ಲಿ ಪುನಶ್ಚೇತನ ಕೋರಿ ನ್ಯಾಯಾಲಯದ ಮೆಟ್ಟಿಲೇರಿತು, 2007ರ ಹೊತ್ತಿಗೆ ಬೇರೆಯವರ ಕೈ ಸೇರಿತು. ನಮ್ಮ 1995ರ ಸಾಲದ ಕಾಲಕ್ಕೆ ಡಾಲರಿಗೆ 35 ರೂಪಾಯಿ ಇತ್ತು, ಈಗ 80 ದಾಟಿದೆ. ಸಾಲ ದೇಶದ ಹೆಸರಿನಲ್ಲಿ ಇದ್ದುದರಿಂದ ಆ ಬಿಸಿ ವಿದ್ಯಾರಣ್ಯಪುರದ ಮನೆಗಳಿಗೆ ನೇರವಾಗಿ ತಟ್ಟಲಿಲ್ಲ.

ಪೂರ್ವ ವಲಯ ಉಳಿದುಕೊಂಡದ್ದಕ್ಕೆ ಸಾಲದ ಹೊರೆ ಹಗುರವಾಗಿದ್ದದ್ದು ಒಂದು ಕಾರಣ. ಇನ್ನೊಂದು ಕಾರಣವನ್ನು ನಾನು ದಿನವೂ ನೋಡುತ್ತೇನೆ. ನಮ್ಮ ಹಿಂದಿನ ಓಣಿಯ ಬಾಯಲ್ಲಿ, ಗೋಡೆಗೆ ಹೊಂದಿಕೊಂಡಂತೆ, ಹದಿನಾಲ್ಕು ನೀರಿನ ಮೀಟರುಗಳು ಕಬ್ಬಿಣದ ಚೌಕಟ್ಟಿನಲ್ಲಿ ಸಾಲಾಗಿ ಕುಳಿತಿವೆ. ಒಂದೊಂದರ ಮೇಲೂ ಬಣ್ಣದಲ್ಲಿ ಬರೆದ ಮನೆಯ ನಂಬರು. ಅಲ್ಲಿಂದ ಒಳಕ್ಕೆ ತೆಳ್ಳನೆಯ ಕೊಳವೆಗಳು ಗೋಡೆಯ ಮೇಲೆಯೇ ಹರಿದು, ಎರಡಾಳು ಜೊತೆಯಾಗಿ ನಡೆಯಲಾಗದಷ್ಟು ಕಿರಿದಾದ ಜಾಗದಲ್ಲಿರುವ ಮನೆಗಳನ್ನು ಸೇರುತ್ತವೆ. ಜಾಗದ ಹಕ್ಕುಪತ್ರ ಕೇಳದೆ ಬಡ ಬಡಾವಣೆಗಳಿಗೆ ಸಂಪರ್ಕ ಕೊಡುವ ಈ ಕ್ರಮ 1998ರಲ್ಲಿ ಆರಂಭವಾಯಿತು. ಕದ್ದು ಎಳೆದ ಪೈಪು ಬಿಲ್ಲಾಯಿತು. ಲೆಕ್ಕಕ್ಕೆ ಸಿಗದೆ ಹೋಗುತ್ತಿದ್ದ ನೀರು ಪೂರ್ವ ವಲಯದಲ್ಲಿ 1997ರಲ್ಲಿ ಶೇಕಡಾ 63 ಇದ್ದದ್ದು 2010ರ ವೇಳೆಗೆ ಸುಮಾರು 11ಕ್ಕೆ ಇಳಿಯಿತು. ಖಾಸಗಿಯವರ ಗುಣಗಾನ ಮಾಡಲು ಇದನ್ನು ಹೇಳುತ್ತಿಲ್ಲ, ದರದ ಬಗ್ಗೆ ಇಲ್ಲಿ ಜಗಳ ನಿಂತಿಲ್ಲ. ಸಾಲ ಕೊಡುವವನು ನೋಡುವುದು ಆ ಮೀಟರುಗಳ ಸಾಲನ್ನು ಎಂಬುದಷ್ಟೇ ನನ್ನ ಮಾತು.

ಮನೆ ಕಂದಾಯಕ್ಕೆ ಇಲ್ಲಿ 'ಅಮಿಲ್ಯಾರ್' ಎನ್ನುತ್ತಾರೆ. ಮಹಾನಗರದ ಪಟ್ಟಣಗಳಲ್ಲಿ ನಿರ್ಧರಿತ ಮೌಲ್ಯದ ಮೇಲೆ ಶೇಕಡಾ 2ರವರೆಗೆ ತೆರಿಗೆ, ಶಾಲೆಗಳಿಗೆಂದು ಮತ್ತೆ ಶೇಕಡಾ 1. ಮುಂಗಡವಾಗಿ ಕಟ್ಟಿದರೆ ಶೇಕಡಾ 20ರವರೆಗೂ ರಿಯಾಯಿತಿ ಕೊಡಲು ಕಾನೂನಿನಲ್ಲಿ ಅವಕಾಶವಿರುವುದರಿಂದ ನನ್ನ ಮನೆಯೊಡತಿ ಡಿಸೆಂಬರ್‌ನಲ್ಲಿಯೇ ಬೀಸಣಿಗೆ ಹಿಡಿದು ಸರತಿಯಲ್ಲಿ ನಿಲ್ಲುತ್ತಾರೆ. ಮೈಸೂರಿನಲ್ಲಿ ಅಪ್ಪ ಏಪ್ರಿಲ್‌ನ ಶೇಕಡಾ 5ಕ್ಕಾಗಿ ವಲಯ ಕಚೇರಿಗೆ ಹೋಗುವ ಹಾಗೆಯೇ. ಮೂರು ವರ್ಷಕ್ಕೊಮ್ಮೆ ಮೌಲ್ಯ ಪರಿಷ್ಕರಿಸಬೇಕೆಂದು ನಿಯಮವಿದ್ದರೂ ಚುನಾವಣೆಯ ಭಯದಿಂದ ಬಹಳ ಕಡೆ ಅದು ನಡೆಯಲೇ ಇಲ್ಲ, ಇದನ್ನು ಸರಿಪಡಿಸಲು 2024ರಲ್ಲಿ ಹೊಸ ಕಾನೂನೇ ಬೇಕಾಯಿತು. ಈ ವಿಷಯದಲ್ಲಿ ಎರಡೂ ದೇಶದ ಕೌನ್ಸಿಲರುಗಳು ಒಂದೇ ಮನೆತನದವರು.

ಊರಿನ ಆದಾಯ ಗಟ್ಟಿಯಾಗಿದ್ದರೆ ಡಾಲರಿನ ಹಂಗಿಲ್ಲದೆ ರೂಪಾಯಿಯಲ್ಲಿಯೇ ಸಾಲ ಎತ್ತಬಹುದು. ಬೆಂಗಳೂರು 1997ರಲ್ಲಿಯೇ 125 ಕೋಟಿ ರೂಪಾಯಿಯ ಬಾಂಡ್, ಅಂದರೆ ಸಾಲಪತ್ರ, ಹೊರಡಿಸಿತ್ತು. ಇಂದೋರ್ 2023ರಲ್ಲಿ 244 ಕೋಟಿಯ ಹಸಿರು ಬಾಂಡನ್ನು (ಪರಿಸರಕ್ಕೆ ಒಳಿತಾಗುವ ಕೆಲಸಕ್ಕೆಂದೇ ಎತ್ತುವ ಸಾಲ) ಸಾಮಾನ್ಯ ಜನರಿಗೂ ಮಾರಿ, ನರ್ಮದೆಯ ನೀರು ಎತ್ತುವ ಪಂಪುಗಳ ಕರೆಂಟ್ ಖರ್ಚು ತಗ್ಗಿಸಲು ಸೌರ ಘಟಕಕ್ಕೆ ಹಣ ಹೊಂದಿಸಿತು. ಕಾವೇರಿಯಿಂದ ನೀರೆತ್ತುವ ಮೈಸೂರಿಗೆ ಈ ಲೆಕ್ಕ ಅಪರಿಚಿತವೇನಲ್ಲ. ಸಣ್ಣ ಊರುಗಳಿಗೆ ಒಂಟಿಯಾಗಿ ಬಾಂಡ್ ಮಾರುವುದು ಕಷ್ಟ. ಅದಕ್ಕೂ ದಾರಿ ನಮ್ಮ ರಾಜ್ಯದಲ್ಲಿಯೇ ಇದೆ: 2005ರಲ್ಲಿ ಬೆಂಗಳೂರಿನ ಸುತ್ತಲಿನ ಎಂಟು ಪಟ್ಟಣಗಳು ಒಟ್ಟುಗೂಡಿ ಕಾವೇರಿ ನೀರಿಗಾಗಿ 100 ಕೋಟಿ ಎತ್ತಿದ್ದವು.

ಮಂಡ್ಯ, ಮದ್ದೂರು, ಮಳವಳ್ಳಿ, ಶ್ರೀರಂಗಪಟ್ಟಣ ಸೇರಿ ಹೀಗೇಕೆ ಮಾಡಬಾರದು ಎಂದು ಮಂಡ್ಯದಲ್ಲಿರುವ ಭಾವನವರಿಗೆ ಫೋನಿನಲ್ಲಿ ಉತ್ಸಾಹದಿಂದ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಅದೆಲ್ಲ ಸರಿ ಕಣಪ್ಪ, ಮೊದ್ಲು ನಮ್ ಬೀದೀಲಿ ಓಡೋ ಮೀಟ್ರು ಎಷ್ಟವೆ ಎಣಿಸು" ಎಂದರು. ಅವರ ಮನೆಯದೇ ನಿಂತು ಆರು ವರ್ಷವಾಗಿದೆ. ಗಾಜಿನೊಳಗೆ ಪಾಚಿ ಕಟ್ಟಿ ಅಂಕಿ ಕಾಣುವುದಿಲ್ಲ. ಸರಾಸರಿ ಬಿಲ್ಲೇ ಕಡಿಮೆ ಬರುವುದರಿಂದ ಅದನ್ನು ರಿಪೇರಿ ಮಾಡಿಸಲು ಅವರಿಗೂ ಆತುರವಿಲ್ಲ.