ಎರಡನೇ ಸಿಲಿಂಡರಿನ ಮಿಸ್ಸಿಂಗ್

ಕಲಬುರಗಿ, 14 ಡಿಸೆಂಬರ್ 2025, ಭಾನುವಾರ

ಅಕ್ಕನ ಕಾರಿನ ಮಿಸ್ಸಿಂಗ್, ಅಂದರೆ ಇಂಜಿನ್ ನಡುನಡುವೆ ಉರಿಯುವುದು ತಪ್ಪಿ ನಡುಗುವುದು, ಎಲ್ಲಿಂದ ಅಂತ ಇವತ್ತು ಗೊತ್ತಾಯಿತು. ಬೆರಳ ತುದಿಯಷ್ಟು ದೊಡ್ಡ ಒಂದು ರಬ್ಬರ್ ಟೋಪಿ ಸೀಳಿತ್ತು, ಅಷ್ಟೇ. ಒಂದು ಗ್ಯಾರೇಜಿನವರು ಬಾನೆಟ್ ಎತ್ತಿ ನೋಡಿ, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಸೆಟ್ಟೇ ಹೊಸದು ಹಾಕಬೇಕು ಅಂದು ಕಳಿಸಿದ್ದರು. ದಿನಾ ಕಮಲಾಪುರದ ಶಾಲೆಗೆ ಹೋಗಿ ಬರುವವಳು ಅವಳು. ಆ ದುಡ್ಡಿನ ಮಾತು ಕೇಳಿ ಕಂಗಾಲಾಗಿದ್ದಳು.

"ಜಗತ್ ಸರ್ಕಲ್‌ನ್ಯಾಗ ನಿಂತ್ರ ಸಾಕು, ಸ್ಟಿಯರಿಂಗೇ ನಡುಗ್ತದ. ಹುಮನಾಬಾದ್ ರೋಡಿಗೆ ಬಿದ್ರ ಏನೂ ಇಲ್ಲ ನೋಡು" ಅಂದಳು. ಅರ್ಧ ಉತ್ತರ ಈ ಮಾತಲ್ಲೇ ಇತ್ತು. ಗಿರಾಕಿ ಹೇಳುವುದನ್ನು ಪೂರ್ತಿ ಕೇಳಿಸಿಕೊಳ್ಳದೆ ಪಾನಾ ಹಿಡಿಯುವವರನ್ನು ಕಂಡರೆ ನನಗೆ ಬೇಜಾರು.

ಮೊದಲು ಆರ್‌ಪಿಎಂ ಮುಳ್ಳು ನೋಡಿದೆ. ಮುಳ್ಳು ಅಲ್ಲಾಡದೆ ಬಾಡಿ ಮಾತ್ರ ನಡುಗಿದರೆ ಇಂಜಿನ್ ಕೂರಿಸುವ ಮೌಂಟಿಂಗ್ ಮೇಲೆ ಅನುಮಾನ ಪಡಬೇಕು. ಇಲ್ಲಿ ಮುಳ್ಳೇ ಕುಸಿದು ಏಳುತ್ತಿತ್ತು. ಬ್ಲೂಟೂತ್ ಸ್ಕ್ಯಾನರ್ ಚುಚ್ಚಿದರೆ ಬಂದ ದೋಷದ ಕೋಡ್ ಪಿ0302. ಕೊನೆಯ ಅಂಕಿ ಸಿಲಿಂಡರಿನದು, ಅಂದರೆ ಎರಡನೆಯದು ಸರಿಯಾಗಿ ಉರಿಯುತ್ತಿಲ್ಲ. ಗಾಡಿ ನಿಂತು ಇಂಜಿನ್ ಮಾತ್ರ ಓಡುವ ಐಡ್ಲಿಂಗ್ 800 ಆರ್‌ಪಿಎಂ (ನಿಮಿಷಕ್ಕೆ 800 ಸುತ್ತು) ಇದ್ದಾಗ ಒಂದೊಂದು ಸಿಲಿಂಡರ್ ಎರಡು ಸುತ್ತಿಗೊಂದರಂತೆ ನಿಮಿಷಕ್ಕೆ 400 ಸಲ ಉರಿಯಬೇಕು. ಯಾವುದಾದರೂ ಒಂದು ತಪ್ಪಿದರೆ ಆ ಕ್ಷಣ ಇಂಜಿನ್ನಿನ ತಿರುಗುವ ದಂಡ, ಅಂದರೆ ಕ್ರ್ಯಾಂಕ್, ಚೂರು ನಿಧಾನ ಆಗುತ್ತದೆ. ಸೆನ್ಸರ್ ಅದನ್ನು ಹಿಡಿದು ಇಂಜಿನ್ನಿನ ಕಂಪ್ಯೂಟರ್ ಆದ ಇಸಿಯುಗೆ ಹೇಳುತ್ತದೆ. ಯಾರು ತಪ್ಪಿದರು ಅನ್ನುವುದಷ್ಟೇ ಕೋಡಿಗೆ ಗೊತ್ತು, ಯಾಕೆ ತಪ್ಪಿದರು ಅನ್ನುವುದು ಗೊತ್ತಿರುವುದಿಲ್ಲ.

ಇಂಜಿನ್ ಆರಿಸಿ, ತಣ್ಣಗಾಗಲು ಬಿಟ್ಟು, ಪ್ಲಗ್ಗಿಗೆ ಕಿಡಿಯ ಕರೆಂಟ್ ಕೊಡುವ ಎರಡನೆಯದರ ಕಾಯಿಲ್ ಮೂರಕ್ಕೆ, ಮೂರರದ್ದು ಎರಡಕ್ಕೆ ಹಾಕಿದೆ. ಕೋಡ್ ಅಳಿಸಿ ಚಾಲೂ ಮಾಡಿದೆ. ಕಾಯಿಲ್ ಕೆಟ್ಟಿದ್ದರೆ ಈಗ ಪಿ0303 ಬರಬೇಕು. ಮತ್ತೆ 0302ಯೇ ಬಂತು. ಆಮೇಲೆ ಪ್ಲಗ್‌ಗಳನ್ನೂ ಹಾಗೇ ಅದಲುಬದಲು ಮಾಡಿದೆ. ಆಗಲೂ ದೋಷ ಜಾಗ ಬಿಡಲಿಲ್ಲ. ಆದರೆ ಪ್ಲಗ್ ಬಿಚ್ಚಿದ್ದು ಸುಮ್ನೆ ಹೋಗಲಿಲ್ಲ. ಉಳಿದ ಮೂರೂ ತಿಳಿ ಕಂದು ಬಣ್ಣಕ್ಕಿದ್ದವು, ಎರಡನೆಯದು ಬಿಳಚಿಕೊಂಡಿತ್ತು. ಬಿಳಿ ಅಂದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ. ಮಸಿ ಹಿಡಿದು ಕಪ್ಪಗಿದ್ದರೆ ಪೆಟ್ರೋಲ್ ಜಾಸ್ತಿ. ಎಣ್ಣೆ ಮೆತ್ತಿದ್ದರೆ ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್ ಸವೆದಿರಬೇಕು. ಪ್ಲಗ್ ಇಷ್ಟೆಲ್ಲ ಹೇಳುವಾಗ ಅದನ್ನು ನೋಡದೆ ಹೊಸದು ಹಾಕಿ ಹಳೇದು ಎಸೆಯುತ್ತಾರಲ್ಲ!

ಪಕ್ಕದ ಮನೆಯವರು ಗೋಡೆ ಮೇಲಿಂದ ಬಗ್ಗಿ, "ಎಥೆನಾಲ್ ಪೆಟ್ರೋಲಿಂದು ಕೆಲಸ ಇದು" ಅಂದರು. ಶೇ. 20 ಎಥೆನಾಲ್ ಬೆರೆಸಿದ ಇ20 ಪೆಟ್ರೋಲ್ ಬಂದಮೇಲೆ ಈ ಮಾತು ಎಲ್ಲ ಕಡೆ ಕೇಳುತ್ತೇನೆ. ಮೈಲೇಜ್ ಇಳಿಯುವುದು ನಿಜ, ಹಳೇ ಗಾಡಿಯ ರಬ್ಬರ್ ಬಗ್ಗೆ ಚಿಂತೆ ಇರುವುದೂ ನಿಜ. ಆದರೆ ನಾಲ್ಕೂ ಸಿಲಿಂಡರಿಗೆ ಹೋಗುವುದು ಒಂದೇ ಟ್ಯಾಂಕಿನ ಪೆಟ್ರೋಲ್ ಅಲ್ವಾ? ಒಂದೇ ಸಿಲಿಂಡರ್ ಯಾಕೆ ತಪ್ಪಬೇಕು?

ಆಮೇಲೆ ಫ್ಯುಯೆಲ್ ಟ್ರಿಮ್ ನೋಡಿದೆ. ಎಕ್ಸಾಸ್ಟ್ ಹೊಗೆಯಲ್ಲಿ ಗಾಳಿ ಜಾಸ್ತಿ ಕಂಡರೆ ಇಸಿಯು ಎಷ್ಟು ಪೆಟ್ರೋಲ್ ಹೆಚ್ಚು ಸುರಿಯುತ್ತಿದೆ ಅನ್ನುವ ಲೆಕ್ಕ ಅದು. ಐಡ್ಲಿಂಗ್‌ನಲ್ಲಿ ಶೇ. 18 ಹೆಚ್ಚು. ಆಕ್ಸಿಲರೇಟರ್ ಒತ್ತಿ 2500ಕ್ಕೆ ಏರಿಸಿದರೆ ಶೇ. 4ಕ್ಕೆ ಇಳಿಯಿತು. ಪೆಟ್ರೋಲ್ ಪಂಪ್ ಸೋತಿದ್ದರೆ ಇದು ಉಲ್ಟಾ ಇರುತ್ತಿತ್ತು, ವೇಗ ಏರಿದಷ್ಟೂ ಕೊರತೆ ಕಾಣುತ್ತಿತ್ತು. ನಿಂತಾಗ ಗಾಳಿ ಒಳಗೆ ಬಿಡುವ ಥ್ರಾಟಲ್ ಬಹುತೇಕ ಮುಚ್ಚಿರುತ್ತದೆ, ಸಿಲಿಂಡರಿಗೆ ಗಾಳಿ ಒಯ್ಯುವ ಮ್ಯಾನಿಫೋಲ್ಡ್ ಒಳಗೆ ವ್ಯಾಕ್ಯೂಮ್ ಜೋರಾಗಿರುತ್ತದೆ. ಆಗ ಸಣ್ಣ ಬಿರುಕೂ ಬಹಳ ಗಾಳಿ ಎಳೆಯುತ್ತದೆ. ಥ್ರಾಟಲ್ ತೆರೆದಾಗ ಅದೇ ಗಾಳಿ ಲೆಕ್ಕಕ್ಕೇ ಬರುವುದಿಲ್ಲ. ಅಕ್ಕ ಹೇಳಿದ್ದೂ ಇದನ್ನೇ. ಈ ಕಾರಲ್ಲಿ ಗಾಳಿ ಅಳೆಯುವ ಎಂಎಎಫ್ ಸೆನ್ಸರ್ ಫಿಲ್ಟರ್ ಪಕ್ಕ ಇದೆ, ಅದನ್ನು ದಾಟಿದ ಮೇಲಿನ ಜಾಗದಲ್ಲಿ ಕದ್ದು ನುಗ್ಗಿದ ಗಾಳಿ ಅದಕ್ಕೆ ಕಾಣುವುದಿಲ್ಲ. ಬದಲಿಗೆ ಮ್ಯಾನಿಫೋಲ್ಡಿನ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಇರುವ ಗಾಡಿಗಳಲ್ಲಿ ಟ್ರಿಮ್ ಇಷ್ಟು ಚೆನ್ನಾಗಿ ಗುಟ್ಟು ಬಿಡುವುದಿಲ್ಲ.

ಸೋರಿಕೆ ಹುಡುಕಲು ಕಾರ್ಬ್ ಕ್ಲೀನರ್ ಸ್ಪ್ರೇ ಹೊಡೆಯುವವರಿದ್ದಾರೆ. ಬಿಸಿ ಎಕ್ಸಾಸ್ಟ್ ಮೇಲೆ ಬಿದ್ದರೆ ಬೆಂಕಿ ಹತ್ತಬಹುದು, ನನಗೆ ಅದು ಬೇಡ. ಬಟ್ಟೆಗೆ ನೀರು ಚಿಮುಕಿಸುವ ಬಾಟಲಿ ತಗೊಂಡು, ಕಾಯಿಲ್ ವೈರ್ ತಪ್ಪಿಸಿ, ಮ್ಯಾನಿಫೋಲ್ಡಿನ ಒಂದೊಂದೇ ಜಾಯಿಂಟಿಗೆ ಸ್ವಲ್ಪ ಸ್ವಲ್ಪ ಹೊಡೆದೆ. ಎರಡನೇ ಸಿಲಿಂಡರಿಗೆ ಹೋಗುವ ಪೈಪಿನ ಕೆಳಗೆ ಹೊಡೆದಾಗ ಇಂಜಿನ್ ಒಂದು ಕ್ಷಣ ಸಮ ಆಯಿತು. ನೀರು ಬಿರುಕು ಮುಚ್ಚಿತ್ತು. ಕೈ ಹಾಕಿದೆ. ಬಳಸದ ಒಂದು ನಳಿಗೆಗೆ ಹಾಕಿದ್ದ ರಬ್ಬರ್ ಟೋಪಿ ಹಪ್ಪಳದ ಹಾಗೆ ಗಟ್ಟಿಯಾಗಿ ಸೀಳಿತ್ತು. ನಮ್ಮ ಮೇ ತಿಂಗಳ ಬಿಸಿಲಲ್ಲಿ, ಬಾನೆಟ್ ಕೆಳಗೆ, ಯಾವ ರಬ್ಬರ್ ತಾನೇ ಮೆತ್ತಗೆ ಉಳಿದೀತು!

ಸೂಪರ್ ಮಾರ್ಕೆಟ್ ಕಡೆ ಹೋಗಿ ಹೊಸ ಟೋಪಿ, ಒಂದು ಕ್ಲಿಪ್ ತಂದೆ. ಎರಡು ಚಹಾದ ದುಡ್ಡು. ಹಾಕಿ ಕೋಡ್ ಅಳಿಸಿದ ಮೇಲೆ ಮುಳ್ಳು 800ರಲ್ಲಿ ನಿಂತಿತು, ಟ್ರಿಮ್ ಶೇ. 3ಕ್ಕೆ ಬಂತು. ಪಾರ್ಟ್ ಬದಲಿಸಿ ನೋಡೋಣ ಅನ್ನುವುದನ್ನು ನಾನು ರಿಪೇರಿ ಅಂತ ಒಪ್ಪುವುದಿಲ್ಲ. ಅದು ಗಿರಾಕಿಯ ದುಡ್ಡಲ್ಲಿ ಮಾಡುವ ಊಹೆ.

ಹಾಗಂತ ಮಿಸ್ಸಿಂಗ್ ಇಟ್ಟುಕೊಂಡೇ ಓಡಿಸುವುದೂ ಸರಿಯಲ್ಲ. ಚೆಕ್ ಇಂಜಿನ್ ಲೈಟ್ ಮಿನುಗತೊಡಗಿದರೆ ಗಾಡಿ ನಿಲ್ಲಿಸಬೇಕು ಅಂತ ಅಕ್ಕನಿಗೆ ಹೇಳಿದೆ. ಉರಿಯದ ಪೆಟ್ರೋಲ್, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಹೋಗಿ ಉರಿದು ಅದನ್ನೇ ಸುಡುತ್ತದೆ. ಆಗ ನಿಜವಾಗಿಯೂ ದೊಡ್ಡ ಖರ್ಚು.

ತೊಗರಿ ರಾಶಿ ಶುರುವಾಗಿದೆ, ರಸ್ತೆ ತುಂಬ ಧೂಳು. ಏರ್ ಫಿಲ್ಟರ್ ಬದಲಿಸಬೇಕು. ಬ್ರೇಕ್ ಒತ್ತಲು ಬಲ ಕೊಡುವ ಬೂಸ್ಟರಿನ ಹೋಸ್ ಕೂಡ ತುದಿಯಲ್ಲಿ ಗಟ್ಟಿಯಾಗಿದೆ, ಇನ್ನೂ ಸೀಳಿಲ್ಲ. ಅದು ಸೀಳಿದರೆ ಪೆಡಲ್ ಕಲ್ಲಾಗುತ್ತದೆ. ಅಕ್ಕ ಮತ್ತೆ ಕಮಲಾಪುರದ ದಾರಿ ಹಿಡಿಯುವ ಮೊದಲು, ನಾಳೆ ಬೆಳಿಗ್ಗೆಯೇ ಆ ಹೋಸ್ ಹೊಸದು ಹಾಕಿಕೊಡುತ್ತೇನೆ.