ಸೊನ್ನೆ ಕಿಲೋಮೀಟರಿನ ಫಾಲ್ಟ್

ಏಪ್ರಿಲ್ ತಿಂಗಳ ಒಂದು ಮುಂಜಾನೆ. ಗದಗ ಕಡೆಯ 110 ಕೆವಿ ಸ್ಟೇಷನ್ನಿನಿಂದ ಆಪರೇಟರ್ ಕಾಕಾ ಫೋನ್ ಮಾಡಿದರು. "ಸರ, ನಿನ್ನೆಯಿಂದ ಎರಡು ಸಲ ಲೈನ್ ಟ್ರಿಪ್ ಆಗೇತ್ರಿ. ಹುಡುಗ್ರು ಟವರ್ ಟವರ್ ತಿರುಗಿ ಬಂದಾರ, ಏನೂ ಸಿಕ್ಕಿಲ್ಲ."

ಫಾಲ್ಟ್, ಅಂದರೆ ಲೈನಿನಲ್ಲಿ ದೋಷ, ಕಂಡರೆ ಲೈನ್ ಬಿಡಿಸುವ ಸಾಧನ ರಿಲೇ. ಎರಡು ತಿಂಗಳ ಹಿಂದೆ ಆ ಲೈನಿನ ರಿಲೇ ಟೆಸ್ಟ್ ಮಾಡಿ ಕೊಟ್ಟವನು ನಾನೇ. ಲ್ಯಾಪ್‌ಟಾಪ್ ಚೀಲಕ್ಕೆ ಹಾಕಿಕೊಂಡು ಹುಬ್ಬಳ್ಳಿಯಿಂದ ಹೊರಟೆ.

ರಿಲೇ ತೋರಿಸುತ್ತಿದ್ದ ಫಾಲ್ಟ್ ದೂರ 0.0 ಕಿಲೋಮೀಟರ್. ಪಾಪ, ಹುಡುಗರು ಮೊದಲ ಟವರನ್ನೇ ಮೂರು ಸಲ ನೋಡಿದ್ದರಂತೆ. ರೆಕಾರ್ಡ್ ತೆಗೆದು ನೋಡಿದೆ. ಕರೆಂಟ್ ಮೂರೂ ಫೇಸಿನಲ್ಲಿ ಸಮ, ಸುಮಾರು 150 ಆಂಪಿಯರ್. ಬಿ ಫೇಸಿನ ವೋಲ್ಟೇಜ್ ಮಾತ್ರ ನೆಲ ಕಚ್ಚಿತ್ತು. ನಿಜವಾದ ಫಾಲ್ಟ್ ಆಗಿದ್ದರೆ ಕರೆಂಟ್ ಜಿಗಿಯಬೇಕಿತ್ತು, ಅಲ್ವಾ?

ಇಂಥ ಡಿಸ್ಟೆನ್ಸ್ ರಿಲೇಗೆ, ಅಂದರೆ ಫಾಲ್ಟಿನ ದೂರ ಲೆಕ್ಕ ಹಾಕುವ ರಿಲೇಗೆ, ಲೈನ್ ಕಾಣುವುದಿಲ್ಲ. ಲೈನಿನ ವೋಲ್ಟೇಜನ್ನು ಅಳತೆಗೆ ಇಳಿಸಿಕೊಡುವ ಟ್ರಾನ್ಸ್‌ಫಾರ್ಮರ್ ಪಿಟಿ, ಕರೆಂಟನ್ನು ಇಳಿಸಿಕೊಡುವುದು ಸಿಟಿ. ಪಿಟಿಯಿಂದ ಬಂದ ವೋಲ್ಟೇಜನ್ನು ಸಿಟಿಯಿಂದ ಬಂದ ಕರೆಂಟಿನಿಂದ ಭಾಗಿಸುತ್ತದೆ, ಅಷ್ಟೇ. ವೋಲ್ಟೇಜ್ ಸೊನ್ನೆಯಾದರೆ ಉತ್ತರವೂ ಸೊನ್ನೆ. ಫಾಲ್ಟ್ ಬಾಗಿಲಲ್ಲೇ ಇದೆ ಎಂದುಕೊಂಡು ಬ್ರೇಕರ್ ಬಿಡಿಸುತ್ತದೆ.

ಪ್ಯಾನೆಲ್ ಹಿಂದೆ ಹೋಗಿ ಮೀಟರ್ ಇಟ್ಟೆ. ಆರ್ ಫೇಸ್ 63 ವೋಲ್ಟ್, ವೈ ಫೇಸ್ 63. ಬಿ ಫೇಸಿನಲ್ಲಿ 4, ಒಮ್ಮೆ 9, ಮತ್ತೆ ಏನೂ ಇಲ್ಲ. ಪಿಟಿ ವೈರಿನ ಫ್ಯೂಸ್ ಸುಟ್ಟಿರಲಿಲ್ಲ. ಅದರ ಹೋಲ್ಡರಿನ ಸ್ಕ್ರೂ ಸಡಿಲಾಗಿ ವೈರಿನ ತುದಿ ಕಪ್ಪಾಗಿತ್ತು. ಚಾರ್ಜ್ ಮಾಡಿದಾಗ ಲೈನ್ ಟ್ರಿಪ್ ಆಗದೆ ಉಳಿದದ್ದೂ, ಸಂಜೆ ಪಂಪ್‌ಸೆಟ್ ಲೋಡ್ ಏರಿದಾಗ ಮತ್ತೆ ಬಿದ್ದದ್ದೂ ಈಗ ಅರ್ಥವಾಯಿತು. ಕರೆಂಟ್ ಒಂದು ಮಟ್ಟ ದಾಟದೆ ರಿಲೇ ಲೆಕ್ಕಕ್ಕೇ ಇಳಿಯುವುದಿಲ್ಲ.

ಆದರೆ ಇಂಥದ್ದಕ್ಕೆಂದೇ ರಿಲೇಯಲ್ಲಿ ಫ್ಯೂಸ್ ಫೇಲ್ ಕಾವಲು ಇರುತ್ತದೆ. ವೋಲ್ಟೇಜ್ ಏರುಪೇರಾಗಿ ಕರೆಂಟ್ ಸಮ ಇದ್ದರೆ, ತಪ್ಪು ಲೈನಿನದ್ದಲ್ಲ, ಪಿಟಿ ವೈರಿನದ್ದು ಎಂದು ತಿಳಿದು ಡಿಸ್ಟೆನ್ಸ್ ಟ್ರಿಪ್ ತಡೆಯುತ್ತದೆ. ಅದು ಯಾಕೆ ಸುಮ್ನಿತ್ತು?

ಸೆಟ್ಟಿಂಗ್ ತೆರೆದೆ. ಆಫ್.

ಬೆವರು ಬಂತು. ಎರಡು ತಿಂಗಳ ಹಿಂದಿನ ಆ ರಾತ್ರಿ ಟೆಸ್ಟ್ ಕಿಟ್ಟಿನಿಂದ ಝೋನ್ (ರಿಲೇ ಕಾಯುವ ದೂರದ ಹಂತಗಳು) ನೋಡುವಾಗ ಈ ಕಾವಲು ಪದೇ ಪದೇ ಅಡ್ಡ ಬರುತ್ತಿತ್ತು. ಆಮೇಲೆ ಹಾಕಿದರಾಯಿತು ಎಂದು ನಾನೇ ತೆಗೆದಿದ್ದೆ. ಆಮೇಲೆ ಊಟ ಬಂತು.

ವೈರಿನ ತುದಿ ಕತ್ತರಿಸಿ ಹೊಸ ಲಗ್ ಒತ್ತಿ ಬಿಗಿ ಮಾಡಿದೆ. ಕಾವಲು ಆನ್ ಮಾಡಿದೆ. ಲೈನ್ ಲೋಡಿಗೆ ಬಂದ ಮೇಲೆ, ಬ್ಯಾಕಪ್ ರಿಲೇ ಇದ್ದುದರಿಂದ, ಟ್ರಿಪ್ ಲಿಂಕ್ (ರಿಲೇಯಿಂದ ಬ್ರೇಕರಿಗೆ ಹೋಗುವ ಕೊಂಡಿ) ತೆಗೆದಿಟ್ಟು ಬಿ ಫ್ಯೂಸ್ ಕಿತ್ತೆ. ಅಲಾರಂ ಬಂತು, ರಿಲೇಯಲ್ಲಿ ಟ್ರಿಪ್ ಬರಲಿಲ್ಲ. ಫ್ಯೂಸ್ ವಾಪಸ್ ಹಾಕಿ, ಸಿಟಿ ಕಡೆಯ ಕಾವಲನ್ನೂ ನೋಡಿದೆ. ಅಲ್ಲಿ ಲೆಕ್ಕ ಉಲ್ಟಾ: ಕರೆಂಟ್ ಏರುಪೇರು, ವೋಲ್ಟೇಜ್ ಸಮ. ಸಿಟಿ ವೈರ್ ಮಾತ್ರ ಕೀಳಬಾರದು. ಓಡುವ ಲೈನಿನಲ್ಲಿ ಅದರ ಸೆಕೆಂಡರಿ (ರಿಲೇ ಕಡೆಯ ಸುತ್ತು) ತೆರೆದುಕೊಂಡರೆ ಸಾವಿರಾರು ವೋಲ್ಟ್ ಏಳಬಹುದು, ಜೀವಕ್ಕೇ ಅಪಾಯ. ಟೆಸ್ಟ್ ಬ್ಲಾಕಿನಲ್ಲಿ ಒಂದು ಫೇಸ್ ಶಾರ್ಟ್ ಮಾಡಿದೆ. ಕೆಲವು ಸೆಕೆಂಡಿನಲ್ಲಿ ಸಿಟಿ ಫೇಲ್ ಅಲಾರಂ ಹೊಡೆಯಿತು. ಶಾರ್ಟ್ ತೆಗೆದು, ಅಲಾರಂ ಹೋದದ್ದನ್ನು ನೋಡಿ, ಟ್ರಿಪ್ ಲಿಂಕ್ ವಾಪಸ್ ಹಾಕಿದೆ. ಈ ಸಲ ಎರಡೆರಡು ಬಾರಿ ಮುಟ್ಟಿ ನೋಡಿದೆ.

ರಿಪೋರ್ಟ್ ಬರೆಯುವಾಗ ಕಾಕಾ ಪಕ್ಕದಲ್ಲೇ ಕುಳಿತಿದ್ದರು. "ಸ್ಕ್ರೂ ಲೂಸ್ ಅಂತ ಬರೀರಲ್ಲ, ಮುಗೀತು" ಅಂದರು. ನಾನು ಎರಡನೇ ಸಾಲೂ ಬರೆದೆ: ಫ್ಯೂಸ್ ಫೇಲ್ ಸೆಟ್ಟಿಂಗ್ ಟೆಸ್ಟ್ ಮಾಡುವಾಗ ತೆಗೆದದ್ದು, ವಾಪಸ್ ಹಾಕಿರಲಿಲ್ಲ. ಕೆಳಗೆ ನನ್ನ ಸಹಿ.

ಕಾಕಾ ಓದಿದರು. ಹೊರಗೆ ಬೇವಿನ ನೆರಳಲ್ಲಿ ಗಿರ್ಮಿಟ್ ತಿನ್ನುತ್ತಿದ್ದ ಹುಡುಗರ ಕಡೆ ನೋಡಿದರು. "ಇವರ ಮುಂದ ಈಗ ಹೇಳಬ್ಯಾಡ್ರಿ ಸರ, ಕಾಲು ನೋವು ಇನ್ನೂ ಹೋಗಿಲ್ಲ" ಎಂದು ಮಿರ್ಚಿ ಪೊಟ್ಟಣ ನನ್ನ ಕಡೆ ಸರಿಸಿದರು.